ಪೆನ್ಸಿಲ್ ಕೆಲಸ

ಹತ್ತೊಂಬತ್ತನೇ ಪ್ರಶ್ನೆ.
ಹುಡುಗ ಡಾಕ್ಟರ ತಲಿ ಎತ್ತದ ಕೇಳಿದ:
ಹರೇದಾಗ ಮಾರಿ ಮ್ಯಾಲ ಮೊಡವಿ ಇದ್ದುವೇನ್ರಿ?
ಇಲ್ಲ. ಸ್ವಲ್ಪ. ಬಹಳ.
ಮೂರರಾಗ ಒಂದಕ್ಕ ಟಿಕ್ ಹಾಕ್ಬೇಕು.

ನಾ ನಕ್ಕೆ. ನಗಬಾರದಿತ್ತು,
ಕೆಳಗ ನಳಿಗಿ ಹಾಕಿದ್ರು, ಎಳೀತು.

ಬಂದದ್ದು ಉಚ್ಚಿ ಕಟ್ಟತೈತಿ ಅಂತ.
ಸೂಜಿ ಹಾಕಿ ಹನ್ನೆರಡು ತುಣುಕು ತಗದು
ಬೆಳಗಾವಿಗೆ ಕಳಿಸಿ
ವಾರ ಬಿಟ್ಟು ಹೆಸರು ಹೇಳಿದ್ರು.
ಪ್ರಾಸ್ಟೇಟು.
ಎಪ್ಪತ್ತೆರಡು ವರ್ಷ ಒಳಗ ಕುಂತಿದ್ದ
ಅಕ್ರೋಟದಂಥಾ ಗಂಟು,
ಬಾಡಿಗಿ ಕೊಡದವನ ಹೆಸರು ಸಹಿತ ಕೇಳಿರಲಿಲ್ಲ ನಾ.

ಮಾರಿಗೂ ಇದಕ್ಕೂ ಏನ್ ಸಂಬಂಧಪಾ?
ಹುಡುಗ ಪೆನ್ನು ಕಚ್ಚಿದ.
ಮೊಡವಿಯೊಳಗ ಇರೂ ಒಂದು ಹುಳಾ, ಕಣ್ಣಿಗೆ ಕಾಣದ್ದು,
ಕೆಲವರ ಆ ಗಂಟಿನೊಳಗೂ ಸಿಕ್ಕೈತ್ರಿ.
ಇರಬಹುದು. ಇರಲಿಕ್ಕೂ ಇಲ್ಲ.
ಕೆಲವು ಲೆಕ್ಕ ಹೌದಂತಾವ, ಕೆಲವು ಅಲ್ಲಂತಾವ.
ಮೊಡವಿ ಇದ್ದ ಬಹಳ ಮಂದಿಗೆ ಏನೂ ಆಗಂಗಿಲ್ರಿ.
ನಾವು ಬರೇ ಕೇಳಿ ಬರ್ಕೊಳ್ಳೂದು.

ಕೇಳೂದಾದ್ರ ನನ್ನ ಕೇಳಬೇಕಿತ್ತು, ಖರೇ.
ಹಳೇ ಬಾಗಲಕೋಟೆಯೊಳಗ,
ಈಗ ಹಿನ್ನೀರು ನಿಂತಿರೂ ಓಣಿಯೊಳಗ
ಮೂವತ್ತೊಂದು ವರ್ಷ ನಾ ಮಾಡಿದ್ದು ಅದೇ ಕೆಲಸ:
ಮೊಡವಿ ಅಳಸೂದು.
ಸ್ಟುಡಿಯೋದ ಹಿಂದಿನ ಮೂಲ್ಯಾಗ, ಕನ್ನಡಿ ಕೂಡಿಸಿದ ಇಳಿಜಾರ ಮೇಜು,
ಸೂಜಿಯಂಗ ಕೆತ್ತಿದ ಪೆನ್ಸಿಲ್ಲು.
ನೆಗೆಟಿವ್ ಮ್ಯಾಲ ಮೊಡವಿ ಬೆಳಕಿನ ತೂತು ಕಂಡಂಗ ಕಾಣತಾವ,
ಒಂದೊಂದ ತೂತಿಗೆ ಸೀಸಾ ತುಂಬೂದು,
ಉಸಿರು ಹಿಡಿದು.

ಸಾಳುಂಕೆಯವರ ಹುಡುಗನ ಗದ್ದ,
ಪೋಲೀಸ್ ಭರ್ತಿಗೆ ಹೊಂಟ ದಾವಲಸಾಬನ ಎರಡೂ ಗಲ್ಲ,
ಹೈಸ್ಕೂಲ್ ಮಾಸ್ತರನ ಹಣಿ.
ಬೀಗರು ಬರೂ ಮೊದಲ ತಾಯಂದಿರು ಬರೂವ್ರು:
ಚಂದ ಮಾಡ್ರಿ, ಆದ್ರ ಭಾಳ ಬ್ಯಾಡ,
ಅನುಮಾನ ಬಂದೀತು.

ಯಾರ ಮೊಡವಿ ಯಾವ ಕಡೆ ಅಂತ
ಊರಾಗ ಗೊತ್ತಿದ್ದವ ನಾ ಒಬ್ಬನೇ.
ಅವರೊಳಗ ಯಾರಿಗೆ ಮುಂದ ಏನಾತು, ಲೆಕ್ಕ ಇಟ್ಟಿಲ್ಲ.
ದಾವಲಸಾಬ ಹೋದ ವರ್ಷ ಸಿಕ್ಕಿದ್ದ, ಗಟ್ಟಿ ಅದಾನ.
ಮಾಸ್ತರ ತೀರಿಕೊಂಡ್ರು, ಅದು ಸಕ್ಕರಿ ರೋಗ.

ಮತ್ತ ನಂದು?
ಮನಿ ಗ್ವಾಡಿ ಮ್ಯಾಲ ಇಪ್ಪತ್ತೆರಡರ ಗದಿಗೆಪ್ಪ,
ಹಾಲಿನ ಕೆನಿಯಂಥಾ ಗಲ್ಲ.
ಮಗಳು ಮೊಬೈಲ್‌ನಾಗ ತಂದು ತೋರಿಸಿದಳು:
ನೋಡ್ರಿ ಸರ್, ಅಪ್ಪಗ ಒಂದೂ ಇರಲಿಲ್ಲ.
ಹುಡುಗ 'ಇಲ್ಲ' ಅನ್ನೂದರ ಮುಂದ ಪೆನ್ನು ಇಟ್ಟ.
ತಡೀಪಾ, ಅಂದೆ.

ಸಂಗವ್ವ ಬಾಗಿಲದಾಗ ನಿಂತಿದ್ಲು.
ಅಂತರಪಟ ಸರದಾಗ
ಫೋಟೋದಾಗಿನ ಗಂಡು ಎಲ್ಲಿ ಹ್ವಾದ ಅಂತ
ನನ್ನ ಹಿಂದ ನಿಂತವರನ್ನ ಹುಡಕಿದ್ದು
ಐವತ್ತು ವರ್ಷ ಯಾರಿಗೂ ಹೇಳದಾಕಿ,
ಹುಗ್ಗಿ ಕುದ್ದಂಗ ಇತ್ರೀ ಮಾರಿ, ಅಂದು
ಸೆರಗು ಬಾಯಿಗೆ ಹಿಡಿದ್ಲು.

ಮಾರನೇ ದಿನ ಟ್ರಂಕಿನಿಂದ ನೆಗೆಟಿವ್ ತರಿಸಿದೆ.
ಊರು ಬಿಟ್ಟು ನವನಗರಕ್ಕ ಬರೂ ಮುಂದ
ಕ್ಯಾಮೆರಾ ಮಾರಿದ್ದೆ, ಆ ಡಬ್ಬಿ ತಂದಿದ್ದೆ.
ಹತ್ತಿಗೆ ಟರ್ಪಂಟೈನ್ ಹಚ್ಚಿ ಮೆಲ್ಲಕ
ಗಲ್ಲ ಒರಸಿದೆ.
ಸೀಸಾ ಬಿಟ್ಟಿತು, ಹತ್ತಿ ಕರ್ರಗಾತು.
ಒಂದೊಂದ ಹೊರಗ ಬಂದ್ವು
ಸಿಟ್ಟು ಇಲ್ಲದ,
ಇದ್ದ ಜಾಗದಾಗ ಇದ್ದಂಗ.

ಹುಡುಗ ಟ್ಯೂಬ್‌ಲೈಟಿಗೆ ಹಿಡಿದು ಎಣಸಿದ,
ಹದಿನೇಳು ಆದಮ್ಯಾಲ ಬಿಟ್ಟ.
'ಬಹಳ'ಕ್ಕ ಟಿಕ್ ಬಿತ್ತು.
ಯಾವುದೋ ಕಾಗದದಾಗ ಒಂದು ಗೀಟು ಹೆಚ್ಚಾತು.

ನೆಗೆಟಿವ್ ಕೆಳಗಿಟ್ಟಾಗ ನೋಡಿದೆ,
ಅವನ ಬೆರಳು ತನ್ನಷ್ಟಕ್ಕ ತಾನ ಗದ್ದಕ್ಕ ಹೋಗಿತ್ತು.
ಪೌಡರ್ ಕೆಳಗ ಮೂರು, ನಾಲ್ಕನೇದು ಹೊಸಾದು.
ಏನೂ ಆಗಂಗಿಲ್ಲ ಅನ್ನೂ ಮಾತು
ಅವನೇ ನನಗ ಹೇಳಿದ್ದು,
ತಿರುಗಿ ಹೇಳಾಕ ನಾ ಯಾವ ಡಾಕ್ಟರ?
ನಮ್ಮವ್ವ ಅಂತಿದ್ದದ್ದ ಅಂದೆ:
ಚಿವುಟಬ್ಯಾಡ ತಮ್ಮಾ,
ಕಲೆ ಉಳೀತೈತಿ.